ಚಂಡಮಾರುತಕ್ಕಿಲ್ಲದ ಗಡಿ ಹೊಳೆಗೇಕೆ?

2021ರ ಸೆಪ್ಟೆಂಬರ್ ಕೊನೆಯ ವಾರ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಹೆಸರು ‘ಗುಲಾಬ್’. ಹೆಸರು ಕೊಟ್ಟದ್ದು ಪಾಕಿಸ್ತಾನ. ಅದು ಆಂಧ್ರದ ಕಳಿಂಗಪಟ್ಟಣದ ಬಳಿ ದಡ ಹತ್ತಿತು. ತೆಲಂಗಾಣ, ಮಹಾರಾಷ್ಟ್ರಗಳ ಮೇಲೆ ಮಳೆ ಸುರಿಸುತ್ತ ಬಲ ಕಳೆದುಕೊಂಡಿತು. ಆಮೇಲೆ ಅರಬ್ಬಿ ಸಮುದ್ರಕ್ಕಿಳಿದು ಮತ್ತೆ ಚೇತರಿಸಿಕೊಂಡಿತು. ಆಗ ಪಟ್ಟಿಯಲ್ಲಿದ್ದ ಮುಂದಿನ ಹೆಸರು, ಕತಾರ್ ಸೂಚಿಸಿದ್ದ ‘ಶಾಹೀನ್’, ಅದಕ್ಕೆ ಅಂಟಿಕೊಂಡಿತು. ಅಕ್ಟೋಬರ್ 3ರಂದು ಅದು ಒಮಾನ್ ತೀರಕ್ಕೆ ಅಪ್ಪಳಿಸಿತು. ಅದರ ನಡೆಯನ್ನು ಉದ್ದಕ್ಕೂ ಲೆಕ್ಕ ಹಾಕಿ ಅಕ್ಕಪಕ್ಕದ ದೇಶಗಳಿಗೆಲ್ಲ ಸಂದೇಶ ಕಳಿಸುತ್ತಿದ್ದುದು ನಮ್ಮ ಹವಾಮಾನ ಇಲಾಖೆಯ ಕೇಂದ್ರ ಕಚೇರಿ, ದೆಹಲಿಯ ಮೌಸಮ್ ಭವನ. ಆ ಹೊತ್ತಿಗೆ ದೆಹಲಿಯಲ್ಲಿ ಪಾಕಿಸ್ತಾನದ ಹೈಕಮಿಷನರ್ ಇರಲಿಲ್ಲ, ಇಸ್ಲಾಮಾಬಾದಿನಲ್ಲಿ ನಮ್ಮವರೂ ಇರಲಿಲ್ಲ. 2019ರ ಆಗಸ್ಟ್‌ನಿಂದಲೇ ಎರಡೂ ಕುರ್ಚಿಗಳು ಖಾಲಿ ಬಿದ್ದಿದ್ದವು. ಹಾಗಿದ್ದರೂ ಹವಾಮಾನದ ಸಂದೇಶಗಳು ನಿಲ್ಲಲಿಲ್ಲ.

ಭೋಲಾ ಚಂಡಮಾರುತಕ್ಕೆ ಅರ್ಧ ಶತಮಾನ ದಾಟಿದೆ, ಹಿಂದೂ ಮಹಾಸಾಗರದ ಸುನಾಮಿಗೆ ಎರಡು ದಶಕ ತುಂಬಿದೆ. ವಿಪತ್ತಿಗೆ ಒಟ್ಟಾಗಿ ಸಿದ್ಧವಾಗುವುದರಲ್ಲಿ ಈ ಭಾಗದ ದೇಶಗಳು ಏನು ಗಳಿಸಿವೆ ಎಂದು ಹೊರಳಿ ನೋಡಿದರೆ ಚಿತ್ರ ಎರಡು ಹೋಳಾಗಿ ಕಾಣುತ್ತದೆ. ಕಡಲಿನ ಲೆಕ್ಕದಲ್ಲಿ ನಾವು ಪಾಸು. ಹೊಳೆಯ ಲೆಕ್ಕದಲ್ಲಿ ನಪಾಸು.

ಕಡಲಿನ ಪಾಠ ಬಹಳ ದುಬಾರಿಯಾಗಿತ್ತು. 1970ರ ನವೆಂಬರ್ 12ರ ರಾತ್ರಿ ಅಂದಿನ ಪೂರ್ವ ಪಾಕಿಸ್ತಾನದ ಮುಖಜಭೂಮಿಯ ಮೇಲೆ ಭೋಲಾ ಚಂಡಮಾರುತದೊಡನೆ ಕಡಲು ಉಕ್ಕಿ ಬಂತು. ಸತ್ತವರು 3 ಲಕ್ಷದಿಂದ 5 ಲಕ್ಷ ಎಂಬ ಅಂದಾಜಿದೆ. ನಿಖರ ಲೆಕ್ಕ ಯಾರಿಗೂ ಸಿಗಲಿಲ್ಲ. ಪರಿಹಾರ ಕಾರ್ಯದಲ್ಲಿ ಇಸ್ಲಾಮಾಬಾದ್ ತೋರಿದ ಉದಾಸೀನ ಮುಂದಿನ ತಿಂಗಳ ಚುನಾವಣೆಯಲ್ಲಿ ಬಂಗಾಳಿಗಳ ಸಿಟ್ಟಾಗಿ ಹೊರಬಂತು. ವರ್ಷ ತುಂಬಿ ಒಂದು ತಿಂಗಳಾಗುವ ಹೊತ್ತಿಗೆ ಬಾಂಗ್ಲಾದೇಶ ಹುಟ್ಟಿತ್ತು. ವಿಶ್ವ ಹವಾಮಾನ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಏಷ್ಯಾ–ಪೆಸಿಫಿಕ್ ಆಯೋಗ ಸೇರಿ ಈ ಭಾಗಕ್ಕೊಂದು ಚಂಡಮಾರುತ ಸಮಿತಿ ಮಾಡಿದ್ದು 1972ರಲ್ಲಿ. ಭಾರತ ಮತ್ತು ಪಾಕಿಸ್ತಾನ ಯುದ್ಧ ಮಾಡಿ ಮುಗಿಸಿ ಇನ್ನೂ ಕೈ ತೊಳೆದುಕೊಂಡಿರದ ಕಾಲ ಅದು.

ಸಮಿತಿಯ ಮುನ್ಸೂಚನೆ ಕೇಂದ್ರ ದೆಹಲಿಯಲ್ಲಿ. ಅದರ ಕಾರ್ಯಾಲಯ ಬಹುಕಾಲ ಇದ್ದದ್ದು ಇಸ್ಲಾಮಾಬಾದಿನಲ್ಲಿ. ಇಂದು ಅದರಲ್ಲಿ ಯೆಮೆನ್‌ನಿಂದ ಥಾಯ್ಲೆಂಡ್‌ವರೆಗೆ 13 ದೇಶಗಳಿವೆ. 2020ರಲ್ಲಿ ಹೊರಟ ಹೆಸರುಗಳ ಪಟ್ಟಿಗೆ ಒಂದೊಂದು ದೇಶವೂ 13 ಹೆಸರು ಕೊಟ್ಟಿದೆ, ಒಟ್ಟು 169. ಹೆಸರಿಡುವುದನ್ನು ತಮಾಷೆಯ ಸುದ್ದಿಯೆಂದು ನಮ್ಮ ಪತ್ರಿಕೆಗಳು ಪೆಟ್ಟಿಗೆ ಕಟ್ಟಿ ಹಾಕುವುದುಂಟು. ಹೆಸರಿನ ಹಿಂದಿರುವ ಏರ್ಪಾಡಿನ ಕಡೆ ಗಮನ ಹೋಗುವುದು ಕಡಿಮೆ. ಚಂಡಮಾರುತ ಇರುವಷ್ಟು ದಿನವೂ ಮೂರು ಗಂಟೆಗೊಮ್ಮೆ ಅದರ ಸ್ಥಾನ, ವೇಗ, ಎಲ್ಲಿ ದಡ ಹತ್ತೀತು, ಕಡಲು ಎಷ್ಟು ಎತ್ತರಕ್ಕೆ ಉಕ್ಕೀತು ಎಂಬ ವಿವರ ಸದಸ್ಯ ದೇಶಗಳ ಹವಾಮಾನ ಕಚೇರಿಗಳಿಗೆ ತಲುಪುತ್ತದೆ. ಇದಕ್ಕೆ ಯಾವ ಮಂತ್ರಿಯ ಸಹಿಯೂ ಬೇಕಿಲ್ಲ, ಯಾರ ಅನುಮತಿಗೂ ಕಾಯಬೇಕಿಲ್ಲ. ಇದು ಬಾಳಿಕೆ ಬಂದದ್ದೇ ಅದರಿಂದ.

ಹಾಗೆಂದು ಸಂದೇಶ ತಲುಪಿದರೆ ಜೀವ ಉಳಿಯಿತು ಎಂದೇನಲ್ಲ. 2008ರ ಮೇ 2ರಂದು ‘ನರ್ಗಿಸ್’ ಮ್ಯಾನ್ಮಾರ್‌ನ ಐರಾವತಿ ಮುಖಜಭೂಮಿಗೆ ನುಗ್ಗಿತು. ಎಲ್ಲಿ ಬರುತ್ತದೆ, ಎಷ್ಟು ಜೋರಾಗಿ ಬರುತ್ತದೆ ಎಂದು 48 ಗಂಟೆ ಮೊದಲೇ ತಿಳಿಸಿದ್ದೆವು ಎಂದು ನಮ್ಮ ಹವಾಮಾನ ಇಲಾಖೆ ಹೇಳಿತು. ಆದರೂ ಸತ್ತವರು ಮತ್ತು ಕಾಣೆಯಾದವರು ಸೇರಿ ಸುಮಾರು 1,38,000. ಸೇನಾ ಸರ್ಕಾರ ಹೊರಗಿನ ಪರಿಹಾರ ತಂಡಗಳನ್ನು ದಿನಗಟ್ಟಲೆ ಬಾಗಿಲಲ್ಲಿ ನಿಲ್ಲಿಸಿತು. ಹೆಣಗಳು ಇನ್ನೂ ಗದ್ದೆಯ ನೀರಿನಲ್ಲಿ ತೇಲುತ್ತಿರುವಾಗಲೇ, ಮೇ 10ರಂದು, ದೇಶದ ಬಹುಭಾಗದಲ್ಲಿ ಸಂವಿಧಾನದ ಮೇಲೆ ಜನಮತಗಣನೆ ನಡೆಸಿತು.

ಇದೇ ಕೊಲ್ಲಿಯಲ್ಲಿ ಅದಕ್ಕೆ ಸುಮಾರು ಆರು ತಿಂಗಳ ಮೊದಲು ‘ಸಿದ್ರ್’ ಬಂದಿತ್ತು. ಬಾಂಗ್ಲಾದೇಶದಲ್ಲಿ ಸತ್ತವರು ಸುಮಾರು 3,400. 1991ರ ಏಪ್ರಿಲ್‌ನಲ್ಲಿ ಅದೇ ದೇಶ ಒಂದೇ ರಾತ್ರಿ 1,38,000 ಜನರನ್ನು ಕಳೆದುಕೊಂಡಿದ್ದನ್ನು ನೆನೆದರೆ ಆ ಅಂತರ ಅರ್ಥವಾಗುತ್ತದೆ. ಮುನ್ಸೂಚನೆ ಮ್ಯಾನ್ಮಾರಿಗೂ ಹೋಗಿತ್ತು, ಬಾಂಗ್ಲಾಕ್ಕೂ ಹೋಗಿತ್ತು. ಬಾಂಗ್ಲಾದಲ್ಲಿ ಅದನ್ನು ಹಿಡಿದುಕೊಂಡು ಹಳ್ಳಿಗೆ ಓಡುವವರಿದ್ದರು. ರೆಡ್ ಕ್ರೆಸೆಂಟ್ ಮತ್ತು ಸರ್ಕಾರ ಸೇರಿ 1970ರ ದಶಕದ ಆರಂಭದಲ್ಲಿ ಕಟ್ಟಿದ ಸ್ವಯಂಸೇವಕರ ಪಡೆಯಲ್ಲಿ ಈಗ 70 ಸಾವಿರಕ್ಕೂ ಹೆಚ್ಚು ಮಂದಿಯಿದ್ದಾರೆ, ಅವರಲ್ಲಿ ಅರ್ಧದಷ್ಟು ಹೆಂಗಸರು. ಬಾವುಟ ಒಂದು ಹಾರಿದರೆ ಗಮನವಿರಲಿ. ಎರಡು ಹಾರಿದರೆ ಗಂಟುಮೂಟೆ ಕಟ್ಟಿ. ಮೂರು ಹಾರಿದರೆ ಮಾತಿಲ್ಲದೆ ಆಶ್ರಯ ಕಟ್ಟಡಕ್ಕೆ ನಡೆಯಿರಿ. ಕೈಮೈಕ್ ಹಿಡಿದು ಮನೆ ಮನೆಯ ಮುಂದೆ ಕೂಗುವ ಪಕ್ಕದ ಮನೆಯ ಹೆಣ್ಣುಮಗಳ ಮಾತಿಗೆ ಇರುವ ತೂಕ ದೆಹಲಿಯ ಬುಲೆಟಿನ್‌ಗೆ ಇರುವುದಿಲ್ಲ. ಒಡಿಶಾ ಇದನ್ನೇ 1999ರ ಮಹಾಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತ ಮೇಲೆ ಕಲಿತಿತು. 2019ರ ‘ಫನಿ’ಗೆ ಮುನ್ನ ಅಲ್ಲಿ 12 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಸಾವು ನೂರರೊಳಗೆ ನಿಂತಿತು.

ಸುನಾಮಿಯದೂ ಇದೇ ಕಥೆ, ಸ್ವಲ್ಪ ಬೇರೆ ದಾರಿಯಲ್ಲಿ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಆಚೆ ಕಡಲ ತಳ ಕಂಪಿಸಿದಾಗ ನಮ್ಮಲ್ಲಿ ಬೆಳಗಿನ ಆರೂವರೆ. ಅಲೆ ತಮಿಳುನಾಡು ಮತ್ತು ಶ್ರೀಲಂಕಾ ತೀರಕ್ಕೆ ಬರಲು ಸುಮಾರು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತು ಕೈಯಲ್ಲಿದ್ದರೂ ಯಾರಿಗೂ ಯಾರೂ ಹೇಳಲಿಲ್ಲ, ಹೇಳುವ ವ್ಯವಸ್ಥೆಯೇ ಇರಲಿಲ್ಲ. ಪೆಸಿಫಿಕ್ ಸಾಗರಕ್ಕೆ 1960ರ ದಶಕದಿಂದಲೇ ಅಂಥದ್ದೊಂದಿತ್ತು. 14 ದೇಶಗಳಲ್ಲಿ 2,27,000ಕ್ಕೂ ಹೆಚ್ಚು ಜನ ಸತ್ತ ಮೇಲೆ ಯುನೆಸ್ಕೊ ಮುಂದೆ ನಿಂತು ಹಿಂದೂ ಮಹಾಸಾಗರಕ್ಕೂ ಒಂದನ್ನು ಕಟ್ಟಿಸಿತು. ಭೂಕಂಪ ಮಾಪಕಗಳ ದತ್ತಾಂಶವನ್ನು ನೇರವಾಗಿ ಹಂಚಿಕೊಳ್ಳಲು ಭಾರತ ಮೊದಮೊದಲು ಹಿಂದೇಟು ಹಾಕಿತು. ಅಣುಪರೀಕ್ಷೆಯ ಗುಟ್ಟು ಬಯಲಾದೀತೆಂಬ ಅಳುಕು. ಆಮೇಲೆ ಆ ಅಳುಕನ್ನು ಬಿಟ್ಟಿತು. 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಕೇಂದ್ರ ತೆರೆಯಿತು. ಇಂದು ಭಾರತ, ಇಂಡೊನೇಷ್ಯಾ, ಆಸ್ಟ್ರೇಲಿಯಾ ಈ ಮೂರು ದೇಶಗಳು ಇಡೀ ಸಾಗರದ ಕಾವಲು ಹೊತ್ತಿವೆ. 2012ರ ಏಪ್ರಿಲ್ 11ರಂದು ಸುಮಾತ್ರಾದ ಬಳಿ 8.6 ತೀವ್ರತೆಯ ಭೂಕಂಪವಾದಾಗ ಹೈದರಾಬಾದಿನ ಸಂದೇಶ ಹತ್ತು ನಿಮಿಷದೊಳಗೆ ಹೊರಟಿತ್ತು.

ನಮ್ಮ ಕರಾವಳಿಗೂ ಇದರಲ್ಲಿ ನೇರ ಪಾಲಿದೆ. 1945ರ ನವೆಂಬರ್ 28ರಂದು ಮಕ್ರಾನ್ ತೀರದಲ್ಲಿ, ಅಂದರೆ ಇಂದಿನ ಪಾಕಿಸ್ತಾನ ಮತ್ತು ಇರಾನಿನ ಅಂಚಿನಲ್ಲಿ, ಎದ್ದ ಸುನಾಮಿ ಮುಂಬೈಯಲ್ಲಿ ಜನರನ್ನು ಕೊಚ್ಚಿಕೊಂಡು ಹೋಯಿತು. ಕಾರವಾರದಲ್ಲೂ ಅದರ ಅಲೆ ಕಂಡ ದಾಖಲೆಯಿದೆ. ಮಲ್ಪೆಯ ಬೋಟುಗಳಿಗೆ ಸುನಾಮಿಯ ಭಯವಿದ್ದರೆ ಅದು ಮುಖ್ಯವಾಗಿ ಆ ದಿಕ್ಕಿನಿಂದ. ಅಲೆ ನಿಜವಾಗಿಯೂ ಎದ್ದಿದೆಯೇ, ಎಷ್ಟು ಎತ್ತರ ಎಂಬುದನ್ನು ಮೊದಲು ಹೇಳಬಲ್ಲವು ಆ ತೀರದ ಬಂದರುಗಳ ಅಲೆಮಾಪಕಗಳೇ. 2016ರಲ್ಲಿ ಸಾಗರದ ಸುತ್ತಲಿನ ದೇಶಗಳು ಕೂಡಿ ನಡೆಸಿದ ತಾಲೀಮಿನ ಒಂದು ಭಾಗವೇ ಮಕ್ರಾನ್ ಭೂಕಂಪದ ಕಲ್ಪನೆಯ ಮೇಲೆ ನಡೆದಿತ್ತು.

ಇಲ್ಲೂ ಕೊನೆಯ ಮೈಲಿಯೇ ತೊಡಕು. ಇಂಡೊನೇಷ್ಯಾ ಕಡಲಲ್ಲಿ ಬಿಟ್ಟ ತೇಲುಯಂತ್ರಗಳು ರಿಪೇರಿಯಿಲ್ಲದೆ, ಕಳ್ಳರ ಕೈಗೂ ಸಿಕ್ಕಿ ವರ್ಷಗಳ ಹಿಂದೆಯೇ ಕೆಟ್ಟು ಹೋಗಿದ್ದವು. 2018ರ ಸೆಪ್ಟೆಂಬರ್‌ನಲ್ಲಿ ಪಾಲು ನಗರದ ಭೂಕಂಪ, ಸುನಾಮಿಗಳಲ್ಲಿ 4 ಸಾವಿರಕ್ಕೂ ಹೆಚ್ಚು ಜನ ಸತ್ತರು. ಆದರೆ ಅದೇ ದೇಶದ ಸಿಮೆಲುವೆ ದ್ವೀಪ ನೋಡಿ. 2004ರ ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದ ಊರುಗಳು ಬೇರೆ ಕಡಿಮೆ. ಸುಮಾರು 78 ಸಾವಿರ ಜನರಲ್ಲಿ ಸತ್ತವರು ಏಳು ಮಂದಿ. 1907ರಲ್ಲಿ ಅಲ್ಲಿಗೆ ಬಂದಿದ್ದ ಅಲೆಯ ನೆನಪನ್ನು ಅಜ್ಜ ಅಜ್ಜಿಯರು ಜೋಗುಳದಲ್ಲಿ, ಕಥೆಯಲ್ಲಿ ಉಳಿಸಿಕೊಂಡು ಬಂದಿದ್ದರು: ನೆಲ ಜೋರಾಗಿ ನಡುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. ಅವರು ಓಡಿದರು.

ಸಾರ್ಕ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ವಿಪತ್ತಿನಲ್ಲಿ ತ್ವರಿತ ನೆರವಿನ ಒಪ್ಪಂದಕ್ಕೆ 2011ರಲ್ಲಿ ಸಹಿ ಬಿತ್ತು, ಅದು ಜಾರಿಗೆ ಬಂದದ್ದು 2016ರಲ್ಲಿ. 2014ರ ಕಠ್ಮಂಡು ಸಭೆಯ ನಂತರ ಶೃಂಗಸಭೆಯೇ ನಡೆದಿಲ್ಲ. ನೆರವು ನಿಂತಿದೆಯೆಂದಲ್ಲ, 2015ರ ನೇಪಾಳ ಭೂಕಂಪಕ್ಕೆ ಭಾರತದ ವಿಮಾನಗಳು ಅದೇ ದಿನ ಹಾರಿದವು. ಆದರೆ ಅದೆಲ್ಲ ಎರಡು ದೇಶಗಳ ನಡುವಿನ ವ್ಯವಹಾರ, ಒಬ್ಬರ ಔದಾರ್ಯ, ಇನ್ನೊಬ್ಬರ ಹಂಗು. 2005ರ ಕಾಶ್ಮೀರ ಭೂಕಂಪದ ವೇಳೆ ಪಾಕಿಸ್ತಾನ ಹೆಲಿಕಾಪ್ಟರ್ ಕೊಡಿ, ಪೈಲಟ್ ಬೇಡ ಎಂದಿತು; ಪೈಲಟ್ ಇಲ್ಲದೆ ಹೆಲಿಕಾಪ್ಟರ್ ಇಲ್ಲ ಎಂದು ಭಾರತ ಹೇಳಿತು. ಹೆಲಿಕಾಪ್ಟರ್ ಹಾರಲಿಲ್ಲ.

ಈಗ ಹೊಳೆಗೆ ಬರೋಣ. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾ ಎಂಬಲ್ಲಿ ಕೋಸಿ ನದಿಯ ಒಡ್ಡು ಒಡೆಯಿತು. ನದಿ ತನ್ನ ಹಳೆಯ ಪಾತ್ರ ಹಿಡಿದು ಬಿಹಾರಕ್ಕೆ ನುಗ್ಗಿತು. 30 ಲಕ್ಷಕ್ಕೂ ಹೆಚ್ಚು ಜನ ತೊಂದರೆಗೆ ಸಿಕ್ಕರು. ಆ ದಿನ ನದಿಯಲ್ಲಿದ್ದದ್ದು ಸುಮಾರು ಒಂದೂವರೆ ಲಕ್ಷ ಕ್ಯುಸೆಕ್; ವ್ಯವಸ್ಥೆಯನ್ನು ಕಟ್ಟಿದ್ದು ಒಂಬತ್ತೂವರೆ ಲಕ್ಷಕ್ಕೆ. ಹಾಗಾಗಿ ಅದನ್ನು ಪ್ರಕೃತಿ ವಿಕೋಪ ಎನ್ನಲು ಮನಸ್ಸು ಬರುವುದಿಲ್ಲ. 1954ರ ಒಪ್ಪಂದದ ಪ್ರಕಾರ ಒಡ್ಡು ನೇಪಾಳದ ನೆಲದಲ್ಲಿ, ದುರಸ್ತಿಯ ಹೊಣೆ ಭಾರತದ್ದು. ಸ್ಥಳೀಯರು ಕೆಲಸ ಮಾಡಗೊಡಲಿಲ್ಲ ಎಂದು ಒಬ್ಬರು, ನೀವು ನೋಡಿಕೊಳ್ಳಲಿಲ್ಲ ಎಂದು ಇನ್ನೊಬ್ಬರು.

ಚೀನಾದೊಂದಿಗಿನ ಅನುಭವ ಇನ್ನೂ ಸ್ಪಷ್ಟ. 2000ದಲ್ಲಿ ಸಟ್ಲೆಜ್ ನದಿ ರಾತ್ರೋರಾತ್ರಿ ಉಕ್ಕಿ ಹಿಮಾಚಲದಲ್ಲಿ ನೂರಕ್ಕೂ ಹೆಚ್ಚು ಜನರನ್ನು ನುಂಗಿತು, ಮುನ್ಸೂಚನೆಯೇ ಇರಲಿಲ್ಲ. 2004ರಲ್ಲಿ ಟಿಬೆಟಿನ ಪಾರೀಛೂ ಹೊಳೆಗೆ ಗುಡ್ಡ ಕುಸಿದು ಕೆರೆಯಾದಾಗ ಚೀನಾ ತಿಳಿಸಿತು. ಮರುವರ್ಷ ಜೂನ್‌ನಲ್ಲಿ ಅದು ಒಡೆದಾಗ ಸೇತುವೆ, ರಸ್ತೆಗಳು ಹೋದವು, ಜನ ಉಳಿದರು. ಹೇಳಿದರೆ ಏನಾಗುತ್ತದೆ, ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಆದರೂ 2017ರಲ್ಲಿ ಡೋಕ್ಲಾಂನಲ್ಲಿ ಸೈನಿಕರು ಎದುರುಬದುರು ನಿಂತ ಮುಂಗಾರಿನಲ್ಲಿ ಬ್ರಹ್ಮಪುತ್ರದ ಅಂಕಿಅಂಶ ಬರಲಿಲ್ಲ. ಮಾಪನ ಕೇಂದ್ರಗಳ ನವೀಕರಣ ನಡೆದಿದೆ ಎಂಬುದು ಬೀಜಿಂಗ್ ಕೊಟ್ಟ ಕಾರಣ. ಅದು ಒಪ್ಪಂದ ಮಾಡಿಕೊಂಡು, ದುಡ್ಡು ಕೊಟ್ಟು ಪಡೆಯುತ್ತಿದ್ದ ಮಾಹಿತಿ.

ಚೀನಾವನ್ನು ಬೈದು ಸುಮ್ಮನಾಗುವಂತಿಲ್ಲ. ನಮ್ಮ ಕೆಳಗೂ ದೇಶಗಳಿವೆ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಹತ್ಯಾಕಾಂಡದ ನಂತರ ಭಾರತ ಸಿಂಧೂ ಒಪ್ಪಂದವನ್ನು ಅಮಾನತಿನಲ್ಲಿಟ್ಟಿತು. ಆಗಸ್ಟ್‌ನಲ್ಲಿ ತವಿ ನದಿ ಉಕ್ಕಿದಾಗ ಪಾಕಿಸ್ತಾನಕ್ಕೆ ಎಚ್ಚರಿಕೆ ಕೊಡಲಾಯಿತು, ಆ ಒಪ್ಪಂದದ ಸಿಂಧೂ ಆಯುಕ್ತರ ಮೂಲಕವಲ್ಲ, ಹೈಕಮಿಷನ್ ಮೂಲಕ, ಮಾನವೀಯ ನೆಲೆಯಲ್ಲಿ. ಕೊಟ್ಟದ್ದು ಸರಿ. ಆದರೆ ಮಾನವೀಯತೆಯನ್ನು ಪ್ರತಿ ಸಲ ಹೊಸದಾಗಿ ಮಂಜೂರು ಮಾಡಬೇಕಾದ ಸ್ಥಿತಿ ಇದೆಯಲ್ಲ, ತಪ್ಪಿರುವುದು ಅಲ್ಲಿ. ಅಂದು ಗಡಿಯ ಎರಡೂ ಬದಿಯ ಪಂಜಾಬ್ ಮುಳುಗಿತ್ತು.

ಕಡಲಿಗೆ ಸಾಧ್ಯವಾದದ್ದು ಹೊಳೆಗೇಕೆ ಆಗುವುದಿಲ್ಲ? ಚಂಡಮಾರುತ ಯಾರಿಗೂ ಬೇಡದ ವಸ್ತು, ಅದಕ್ಕೆ ಒಡೆಯರಿಲ್ಲ. ನೀರು ಎಲ್ಲರಿಗೂ ಬೇಕು. ನದಿಯಲ್ಲಿ ಎಷ್ಟು ಹರಿಯುತ್ತದೆ ಎಂದು ಹೇಳಿದರೆ ನಾಳೆ ಪಾಲು ಕೇಳುವಾಗ ಅದೇ ಅಂಕಿ ನಮ್ಮ ವಿರುದ್ಧ ಸಾಕ್ಷಿಯಾದೀತು ಎಂಬ ಶಂಕೆ ಎಲ್ಲ ರಾಜಧಾನಿಗಳಲ್ಲೂ ಇದೆ. ಗಂಗಾ, ಬ್ರಹ್ಮಪುತ್ರ, ಸಿಂಧೂ ಕಣಿವೆಗಳ ಹರಿವಿನ ದತ್ತಾಂಶ ನಮ್ಮಲ್ಲಿ ಇಂದಿಗೂ ಗೋಪ್ಯ ವರ್ಗಕ್ಕೆ ಸೇರಿದೆ. ಬೇರೆ ದೇಶದ ಮಾತು ಬಿಡಿ, 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಸಾಂಗ್ಲಿ, ಬೆಳಗಾವಿ, ಬಾಗಲಕೋಟೆ ಮುಳುಗಿದಾಗ ಆಲಮಟ್ಟಿ ಮತ್ತು ಕೊಯ್ನಾ ಹೆಸರಿನಲ್ಲಿ ಎರಡು ರಾಜ್ಯಗಳು ಆಡಿಕೊಂಡ ಮಾತುಗಳನ್ನು ಓದುಗರು ಮರೆತಿರಲಾರರು.

ಸರ್ಕಾರಗಳು ಹಿಂಜರಿಯುವಲ್ಲಿ ಜನರೇ ದಾರಿ ಮಾಡಿಕೊಂಡದ್ದೂ ಉಂಟು. ನೇಪಾಳದಿಂದ ಬಿಹಾರದ ಸೀತಾಮಢಿಗೆ ಇಳಿಯುವ ರಾತು ಎಂಬ ಸಣ್ಣ ನದಿಯ ಮೇಲ್ಭಾಗದಲ್ಲಿ ನೀರಿನ ಮಟ್ಟ ಅಳೆಯುವ ಯಂತ್ರವಿದೆ, ಅದನ್ನು ನೋಡಿಕೊಳ್ಳುವ ಒಬ್ಬರಿದ್ದಾರೆ. ಕಠ್ಮಂಡುವಿನ ಪರ್ವತಾಭಿವೃದ್ಧಿ ಕೇಂದ್ರ ಹೊಂದಿಸಿಕೊಟ್ಟ ಏರ್ಪಾಡು ಅದು. ನೀರು ಏರಿದರೆ ಅವರು ಫೋನ್ ಎತ್ತಿ ಗಡಿಯಾಚೆಯ ಊರವರಿಗೆ ಹೇಳುತ್ತಾರೆ. ಕೆಳಗಿನವರಿಗೆ ದನಕರು ಬಿಚ್ಚಿ, ಕಾಳುಕಡಿ ಎತ್ತಿಡಲು ಕೆಲವು ಗಂಟೆ ಸಿಗುತ್ತದೆ.

ನೀರಿನ ಪಾಲು ಮತ್ತು ಪ್ರವಾಹದ ಎಚ್ಚರಿಕೆ, ಇವೆರಡನ್ನೂ ಬೇರೆ ಬೇರೆ ಮಾಡಬೇಕು. ಪಾಲಿನ ಬಗ್ಗೆ ಎಷ್ಟು ವರ್ಷ ಬೇಕಾದರೂ ಜಗಳವಾಡಲಿ. ಮುಂಗಾರಿನ ನಾಲ್ಕು ತಿಂಗಳ ಮಟ್ಟ, ಹರಿವು, ಅಣೆಕಟ್ಟೆಯಿಂದ ಬಿಡುವ ನೀರು ಇವು ಮಾತ್ರ ಚಂಡಮಾರುತದ ಬುಲೆಟಿನ್‌ನಂತೆ ಯಾರ ಅಪ್ಪಣೆಗೂ ಕಾಯದೆ ಹೊರಬರಲಿ. ಸಂಧಾನಕ್ಕೆ ಕಾಯಬೇಕಿಲ್ಲ, ಭಾರತ ತನ್ನ ಪಾಲಿನ ಮಾಹಿತಿಯನ್ನು ತಾನೇ ಮೊದಲು ತೆರೆದಿಡಬಹುದು. ಹಾಗೆ ಮಾಡಿದ ಮೇಲೆ ಬೀಜಿಂಗನ್ನು ಕೇಳುವ ಬಾಯಿಗೂ ಬಲ ಬರುತ್ತದೆ. ಬಾಂಗ್ಲಾದೇಶದೊಂದಿಗೆ 1996ರ ಡಿಸೆಂಬರ್‌ನಲ್ಲಿ ಮಾಡಿಕೊಂಡ ಗಂಗಾ ಒಪ್ಪಂದದ ಅವಧಿ 30 ವರ್ಷ, ಅಂದರೆ 2026ರ ಡಿಸೆಂಬರ್‌ವರೆಗೆ. ಅದನ್ನು ಮತ್ತೆ ಬರೆಯುವಾಗ ಪ್ರವಾಹದ ಮಾಹಿತಿಯನ್ನು ಚೌಕಾಸಿಯ ಪಟ್ಟಿಯಿಂದ ಹೊರಗಿಟ್ಟು ಬರೆಯಬೇಕೆಂದು ಎರಡೂ ಸರ್ಕಾರಗಳನ್ನು ಒತ್ತಾಯಿಸುತ್ತೇವೆ.