ವಿದೇಶಯಾನದ ಬಾಡಿಗೆ: ಕೊಡುವವನಿಗೆ ಹಕ್ಕೇನು?

ಶಿರಸಿ–ಸಿದ್ದಾಪುರ ಮಾರ್ಗದಲ್ಲಿರುವ ಕಾನಸೂರು ಅಡಿಕೆಯ ತೋಟಗಳ ನಡುವಿನ ಚಿಕ್ಕ ಊರು. ಆದರೆ ಇಂದು ಅಂಥ ಊರುಗಳ ಸಂಸಾರವು ತೋಟದ ಬೇಲಿಯೊಳಗೇ ಮುಗಿಯುವುದಿಲ್ಲ. ಮಗನು ಕ್ಯಾಲಿಫೋರ್ನಿಯಾದಲ್ಲಿರುತ್ತಾನೆ, ಮಗಳು ಆಸ್ಟ್ರೇಲಿಯಾದಲ್ಲಿರುತ್ತಾಳೆ. ಬಾಣಂತನಕ್ಕೆ ತಾಯಿಯು ಹೋಗಬೇಕು; ತಂದೆಯ ಕೊನೆಗಾಲಕ್ಕೆ ಮಗನು ಬರಬೇಕು. ಆದುದರಿಂದ ದೂರದ ವಿಮಾನಯಾನವು ಈಗ ಶ್ರೀಮಂತರ ವಿಲಾಸವೆಂದು ಯಾರೂ ಹೇಳಲಾರರು; ಅದು ನಮ್ಮ ಗೃಹಕೃತ್ಯದ ಒಂದು ಅಂಗವಾಗಿದೆ. ಅಡಿಕೆಯ ಒಂದು ವರ್ಷದ ಉಳಿತಾಯವು ಎರಡು ಟಿಕೇಟುಗಳಲ್ಲಿ ಕರಗುವ ಮನೆಗಳು ನಮ್ಮಲ್ಲಿ ವಿರಳವಲ್ಲ. ಹೀಗಿರಲು, ಈ ಬಾಡಿಗೆಯು ಹೇಗೆ ನಿರ್ಧಾರವಾಗುತ್ತದೆ, ಅದನ್ನು ತೆರುವವನಿಗೆ ಯಾವ ರಕ್ಷಣೆಯುಂಟು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

1948ರ ಜೂನ್ 8ರಂದು ಏರ್ ಇಂಡಿಯಾದ ಮೊದಲ ವಿಮಾನವು ಮುಂಬಯಿಯಿಂದ ಕೈರೋ ಮತ್ತು ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹೊರಟಿತು. ಆ ಕಾಲದಲ್ಲಿ ದರಗಳನ್ನು ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವು ಸಭೆ ಕೂಡಿ ನಿರ್ಣಯಿಸುತ್ತಿತ್ತು. ಸರಕಾರಗಳು ಅದಕ್ಕೆ ಒಪ್ಪಿಗೆ ಕೊಡುತ್ತಿದ್ದವು. ದರವು ದುಬಾರಿಯಾಗಿತ್ತು, ಆದರೆ ಬಹಿರಂಗವಾಗಿತ್ತು. 1978ರಲ್ಲಿ ಅಮೇರಿಕವು ತನ್ನ ವಿಮಾನೋದ್ಯಮವನ್ನು ನಿರ್ಬಂಧಗಳಿಂದ ಬಿಡಿಸಿದ ಬಳಿಕ ಈ ಪದ್ಧತಿಯು ಕ್ರಮೇಣ ಸಡಿಲವಾಯಿತು. ಈಗ ಒಂದೇ ಸಾಲಿನಲ್ಲಿ ಕುಳಿತ ಮೂವರು ಮೂರು ಬೆಲೆಗಳನ್ನು ಕೊಟ್ಟಿರುತ್ತಾರೆ. ಕಂಪನಿಯು ಆಸನಗಳನ್ನು ದರ್ಜೆಗಳಾಗಿ ವಿಂಗಡಿಸಿ, ಅಗ್ಗದವು ತೀರಿದಂತೆ ಮುಂದಿನವನ್ನು ಮಾರುತ್ತದೆ. ಎಂದು ಹೋದರೂ ಸರಿಯೆನ್ನುವವನಿಗೆ ಅಗ್ಗ. ಇಂಥ ದಿನವೇ ಹೋಗಬೇಕಾದವನಿಗೆ ತುಟ್ಟಿ. ಹೆರಿಗೆಯನ್ನಾಗಲಿ ಮರಣವನ್ನಾಗಲಿ ಮುಂದೂಡಲು ಬರುವುದಿಲ್ಲವಷ್ಟೆ. ಹೀಗೆ ಅತ್ಯಂತ ಅವಶ್ಯಕತೆಯುಳ್ಳವನೇ ಅತ್ಯಂತ ಹೆಚ್ಚು ಕೊಡುವನೆಂಬುದೇ ಈ ವ್ಯಾಪಾರದ ಸೂತ್ರವಾಗಿದೆ.

ಇದು ಬರಿಯ ವ್ಯಾಪಾರದ ಮಾತೂ ಅಲ್ಲ. 1944ರ ಶಿಕಾಗೋ ಒಪ್ಪಂದದಂತೆ ಪ್ರತಿಯೊಂದು ರಾಷ್ಟ್ರವೂ ತನ್ನ ಆಕಾಶದ ಒಡೆಯ; ಪರರಾಷ್ಟ್ರದ ವಿಮಾನಗಳು ವಾಡಿಕೆಯಾಗಿ ಬಂದುಹೋಗಬೇಕಾದರೆ ಸರಕಾರದ ಅನುಮತಿ ಬೇಕು. ದುಬೈಯೊಡನೆ 2014ರಲ್ಲಿ ಆದ ಏರ್ಪಾಡಿನಂತೆ ಒಂದೊಂದು ಪಕ್ಷಕ್ಕೂ ವಾರಕ್ಕೆ ಸುಮಾರು 66 ಸಾವಿರ ಆಸನಗಳ ಮಿತಿಯುಂಟು. ಎಮಿರೇಟ್ಸ್ ಕಂಪನಿಯು ಹೆಚ್ಚಳವನ್ನು ಬಹುಕಾಲದಿಂದ ಕೇಳುತ್ತ ಬಂದಿದೆ. ನಮ್ಮ ಸರಕಾರವು ಕೈ ಬಿಗಿ ಹಿಡಿದಿದೆ. ಪರರ ನಿಲ್ದಾಣಗಳು ನಮ್ಮ ಪ್ರಯಾಣಿಕರಿಂದ ಬೆಳೆಯುವ ಬದಲು ನಮ್ಮ ಕಂಪನಿಗಳೂ ನಿಲ್ದಾಣಗಳೂ ಬೆಳೆಯಲಿ ಎಂಬುದು ಅದರ ವಾದ. ಈ ವಾದವನ್ನು ನಾವು ತಿರಸ್ಕರಿಸುವವರಲ್ಲ. ಸ್ವದೇಶದ ಉದ್ಯಮಕ್ಕೆ ಆಸರೆ ಕೊಡುವುದು ಪಾಪವಲ್ಲ. ಆದರೆ ಆಸನಗಳು ಕಡಮೆಯಾದಲ್ಲಿ ಬೆಲೆಯು ಏರುವುದು ಸಹಜ. ಆ ಏರಿಕೆಯನ್ನು ತೆರುವವರು ಯಾರು? ಕಾನಸೂರಿನ ತಾಯಿ, ಮಂಗಳೂರಿನ ಕೂಲಿಕಾರ, ಹುಬ್ಬಳ್ಳಿಯ ವಿದ್ಯಾರ್ಥಿ. ಆಸರೆಯ ಬೆಲೆಯನ್ನು ಪ್ರಜೆಯು ತೆತ್ತ ಮೇಲೆ, ಅದರ ಪ್ರತಿಯಾಗಿ ಆತನಿಗೆ ದೊರೆತುದೇನು ಎಂದು ಕೇಳುವುದು ದೇಶದ್ರೋಹವಾಗುತ್ತದೆಯೇ?

ಉತ್ತರವು ಸಮಾಧಾನಕರವಾಗಿಲ್ಲ. ಯುರೋಪಿನ ಒಕ್ಕೂಟದ 2004ರ ಕಾಯಿದೆಯಂತೆ, ಅಲ್ಲಿಂದ ಹೊರಡುವ ಯಾವುದೇ ದೇಶದ ವಿಮಾನವು ಸಕಾಲದ ಸೂಚನೆಯಿಲ್ಲದೆ ರದ್ದಾದರೆ, 3,500 ಕಿಲೋಮೀಟರಿಗೆ ಮಿಕ್ಕ ಪ್ರಯಾಣಕ್ಕೆ 600 ಯೂರೋ, ಅಂದರೆ ಅರ್ಧ ಲಕ್ಷ ರೂಪಾಯಿಗೂ ಮಿಕ್ಕ ಪರಿಹಾರವು ಸಲ್ಲುತ್ತದೆ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2016ರಲ್ಲಿ ಪರಿಷ್ಕರಿಸಿದ ನಿಯಮದಂತೆ ಅಂಥ ರದ್ದತಿಗೆ ಸಿಕ್ಕುವ ಗರಿಷ್ಠ ಮೊತ್ತ 10,000 ರೂಪಾಯಿ. ಮೂಲದರವೂ ಇಂಧನಶುಲ್ಕವೂ ಕೂಡಿ ಅದಕ್ಕಿಂತ ಕಡಮೆಯಾದರೆ ಅಷ್ಟೇ. ಕಂಪನಿಯ ಕೈಮೀರಿದ ಕಾರಣಗಳಿಗೆ ಎರಡೂ ಕಡೆ ವಿನಾಯಿತಿಯುಂಟು. ಆದರೂ ಅಂತರವನ್ನು ವಾಚಕರು ಗಮನಿಸಬೇಕು. ಒಂದೇ ಭಾರತೀಯ ಕಂಪನಿಯ ಒಬ್ಬನೇ ಪ್ರಯಾಣಿಕನು ಫ್ರಾಂಕ್‌ಫರ್ಟಿನಲ್ಲಿ ಒಂದು ಬೆಲೆಯವನು, ತನ್ನ ತಾಯ್ನೆಲದಲ್ಲಿ ಅದರ ಐದನೆಯ ಒಂದು ಪಾಲಿಗಿಂತಲೂ ಕಡಮೆಯವನು!

ನಮ್ಮ ಕಂಪನಿಗಳ ಕಷ್ಟವನ್ನು ನಾವು ಅರಿಯದವರಲ್ಲ. ಜೆಟ್ ಏರ್ವೇಸ್ 2019ರ ಏಪ್ರಿಲಿನಲ್ಲಿ ನಿಂತಿತು. ಗೋ ಫಸ್ಟ್ 2023ರ ಮೇಯಲ್ಲಿ ನಿಂತಿತು. ಏರ್ ಇಂಡಿಯಾ 2022ರ ಜನವರಿಯಲ್ಲಿ ಮರಳಿ ಟಾಟಾ ಮನೆತನವನ್ನು ಸೇರಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ನಮ್ಮ ವಿಮಾನಗಳಿಗೆ ಆಕಾಶವನ್ನು ಮುಚ್ಚಿದಾಗ ಯುರೋಪು, ಅಮೇರಿಕಗಳ ಹಾದಿಯು ಉದ್ದವಾಯಿತು. ಇದರಿಂದ ವರ್ಷಕ್ಕೆ ಸುಮಾರು 60 ಕೋಟಿ ಡಾಲರಿನ ಹೊರೆ ಬೀಳುವುದೆಂದು ಏರ್ ಇಂಡಿಯಾ ಅಂದಾಜು ಮಾಡಿದ ಸುದ್ದಿ ಆಗ ಪ್ರಕಟವಾಯಿತು. ಪರದೇಶದ ಕಂಪನಿಗಳಿಗೆ ಈ ಅಡ್ಡಿ ಇರಲಿಲ್ಲ. ಆದರೆ ಕೊಲ್ಲಿಯ ದಾರಿಯೂ ನಿರಾತಂಕವಲ್ಲ. 2025ರ ಜೂನ್ 23ರಂದು ಕತಾರದ ಆಕಾಶವು ಮುಚ್ಚಿದಾಗ ಎಷ್ಟೋ ವಿಮಾನಗಳು ನಡುದಾರಿಯಿಂದ ತಿರುಗಬೇಕಾಯಿತು. ಆದುದರಿಂದ ಸ್ವದೇಶಿ, ವಿದೇಶಿ ಎಂಬ ಹೆಸರು ಮಾತ್ರದಿಂದ ಯಾವ ಹಾದಿಯೂ ಉತ್ತಮವಾಗುವುದಿಲ್ಲ.

ಹಾಗಾದರೆ ಪ್ರಯಾಣಿಕನು ಮಾಡಬೇಕಾದುದೇನು? ತೋರಿಸಿದ ದರವನ್ನಲ್ಲ, ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನ ವರೆಗಿನ ವೆಚ್ಚವನ್ನು ಲೆಕ್ಕಹಾಕಬೇಕು. ಕಾನಸೂರಿನವರು ರಾತ್ರಿಯ ಬಸ್ಸನ್ನೋ ತಾಳಗುಪ್ಪದ ರೈಲನ್ನೋ ಹಿಡಿದು ಬೆಂಗಳೂರನ್ನು ಸೇರಬೇಕು. ಇಲ್ಲವೆ ಹುಬ್ಬಳ್ಳಿಯಿಂದಲೋ ಗೋವೆಯಿಂದಲೋ ಹಾರಬೇಕು. ಒಳನಾಡಿನ ಹಾರಾಟಕ್ಕೊಂದು, ವಿದೇಶಕ್ಕೊಂದು ಬೇರೆ ಬೇರೆ ಟಿಕೇಟು ಕೊಂಡರೆ ಕೆಲವೊಮ್ಮೆ ಅಗ್ಗವೇನೋ ಹೌದು. ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಆ ಎರಡನೆಯ ಕಂಪನಿಯು ಹೊಣೆಯಾಗುವುದಿಲ್ಲ. ಒಂದೇ ಟಿಕೇಟಿನಲ್ಲಿ ಇಡೀ ಪ್ರಯಾಣವಿದ್ದರೆ ಮುಂದಿನ ವಿಮಾನವನ್ನು ಒದಗಿಸುವ ಭಾರವು ಕಂಪನಿಯದು. ಮೊದಲ ಸಲ ಹೊರಟ ವೃದ್ಧರಿಗೆ ಇದಕ್ಕಿಂತ ದೊಡ್ಡ ಉಳಿತಾಯವಿಲ್ಲ.

ಸಾಮಾನಿನ ಮಿತಿಯನ್ನೂ ಮೊದಲೇ ನೋಡಬೇಕು. ಅಮೇರಿಕೆಯ ಹಾದಿಯಲ್ಲಿ 23 ಕಿಲೋದ ಎರಡು ಪೆಟ್ಟಿಗೆಗಳ ವಾಡಿಕೆಯಿದ್ದರೂ ಅತಿ ಅಗ್ಗದ ದರಗಳಲ್ಲಿ ಅದು ಮೊಟಕಾಗಿರುವುದುಂಟು. ಅಪ್ಪೆಮಿಡಿಯ ಉಪ್ಪಿನಕಾಯಿಗೂ ಜೋನಿಬೆಲ್ಲಕ್ಕೂ ನಿಲ್ದಾಣದಲ್ಲಿ ದಂಡ ತೆರುವಂತಾಗಬಾರದು. ಕೆಲವು ದೇಶಗಳಲ್ಲಿ ವಿಮಾನ ಬದಲಿಸಲಿಕ್ಕೂ ವೀಸಾ ಬೇಕಾಗುತ್ತದೆ. ಅಮೇರಿಕದಲ್ಲಿ ಮೊದಲು ಇಳಿದ ಊರಿನಲ್ಲಿಯೇ ಸಾಮಾನ್ಯವಾಗಿ ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾದುದರಿಂದ, ಅಲ್ಲಿ ಒಂದು ಗಂಟೆಯ ಅಂತರದ ಟಿಕೇಟು ಎಷ್ಟು ಅಗ್ಗವಾದರೂ ಬೇಡ. ಶಾಲೆಯ ರಜೆ, ಕ್ರಿಸ್‌ಮಸ್ಸಿನ ದಿನಗಳನ್ನು ಬಿಡಲು ಸಾಧ್ಯವಿದ್ದವರು ಬಿಡಬೇಕು. ದಿನಾಂಕವನ್ನು ಎರಡು ಮೂರು ದಿನ ಹಿಂದೆ ಮುಂದೆ ಸರಿಸಿ ನೋಡಬೇಕು. ದಲ್ಲಾಳಿಯ ತಾಣದಲ್ಲಿ ದರವನ್ನು ಹೋಲಿಸಿದರೂ, ವ್ಯತ್ಯಾಸವು ಅಲ್ಪವಾಗಿದ್ದಲ್ಲಿ ಟಿಕೇಟನ್ನು ಕಂಪನಿಯಿಂದಲೇ ಕೊಳ್ಳಬೇಕು. ತೊಡಕು ಬಂದಾಗ ಕೇಳಲಿಕ್ಕೆ ಒಂದೇ ಬಾಗಿಲಿರುವುದು ಲೇಸು.

ಆದರೆ ಪ್ರಯಾಣಿಕನ ಜಾಣತನವೊಂದೇ ಸಾಲದು. ನಮ್ಮ ಹಿರಿಯರಲ್ಲಿ ಅನೇಕರು ನಡೆಯಬಲ್ಲವರಾಗಿಯೂ ಗಾಲಿಕುರ್ಚಿಯನ್ನು ಕೇಳುತ್ತಾರೆ. ಅವರಿಗೆ ಕಾಲಿನ ಬಲ ಕುಂದಿಲ್ಲ, ದಾರಿ ಹೇಳುವ ಭಾಷೆ ತಿಳಿಯದು. ಕನ್ನಡದಲ್ಲಿ ದಾರಿ ತೋರಿಸುವ ಒಬ್ಬ ಸಹಾಯಕನಿದ್ದರೆ ಆ ಕುರ್ಚಿಯು ನಿಜವಾದ ಅಶಕ್ತರಿಗೆ ಉಳಿಯುತ್ತಿತ್ತು. ಬೆಂಗಳೂರಿನಿಂದ ದೂರದೇಶಗಳಿಗೆ ನೇರ ವಿಮಾನ, ಪಶ್ಚಿಮದೇಶಗಳಿಗೆ ಸಮನಾದ ಪರಿಹಾರ, ಕನ್ನಡದ ನೆರವು ಇವು ಮೂರೂ ಆಸರೆ ಪಡೆದ ಕಂಪನಿಗಳ ಕರ್ತವ್ಯಗಳೆಂದು ಸರಕಾರವು ವಿಧಿಸಲಿ. ವಿಧಿಸಲಾರದೆ ಹೋದರೆ ಆಸನಗಳ ಮಿತಿಯನ್ನು ಸಡಿಲಿಸಲಿ. ಎರಡನ್ನೂ ಮಾಡದೆ, ದೇಶಾಭಿಮಾನದ ಹೆಸರಿನಲ್ಲಿ ಬಡವನ ಕಿಸೆಯಿಂದ ಮಾತ್ರ ತೆರಿಗೆ ಎತ್ತುವುದು ನ್ಯಾಯವಲ್ಲ. ನಮ್ಮ ಲೋಕಸಭಾ ಸದಸ್ಯರು ಈ ಪ್ರಶ್ನೆಯನ್ನು ದಿಲ್ಲಿಯಲ್ಲಿ ಎತ್ತುವರೆಂದು ನಾವು ನಿರೀಕ್ಷಿಸುತ್ತೇವೆ.