ಕೈ ತೊಳೆಯುವ ಲೆಕ್ಕ

ರೋಗವನ್ನು ಕಳೆದುಕೊಳ್ಳಲೆಂದು ಆಸ್ಪತ್ರೆಗೆ ಹೋದವನು ಅಲ್ಲಿಯೇ ಮತ್ತೊಂದು ರೋಗವನ್ನು ಅಂಟಿಸಿಕೊಂಡು ನರಳುವುದುಂಟು. ಇಂತಹ ಸೋಂಕುಗಳಲ್ಲಿ ಅನೇಕವು ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಸಾಗುವುದು ಶುಶ್ರೂಷೆ ಮಾಡುವವರ ಕೈಗಳ ಮೂಲಕವೇ. ಈ ಸಂಗತಿ ಹೊಸದಲ್ಲ. 1847ರಲ್ಲಿ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ, ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯತಕ್ಕದ್ದೆಂದು ಸೆಮ್ಮೆಲ್‌ವೈಸನು ವಿಧಿಸಿದನು. ಏಪ್ರಿಲ್ ತಿಂಗಳಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್ ವೇಳೆಗೆ ಸುಮಾರು 2ಕ್ಕೆ ಇಳಿಯಿತು. ತನ್ನ ಮಾತನ್ನೊಪ್ಪದ ಪ್ರಾಧ್ಯಾಪಕರನ್ನು ಆತನು ಮುಂದೆ ಬಹಿರಂಗ ಪತ್ರಗಳಲ್ಲಿ ಕೊಲೆಗಾರರೆಂದು ಜರೆದನು. ಅವನ ಕೋಪಕ್ಕೆ ಕಾರಣವಿತ್ತು. ಫಲ ಮಾತ್ರ ದೊರೆಯಲಿಲ್ಲ.

ಸುಮಾರು ಒಂದೂವರೆ ಶತಮಾನದ ತರುವಾಯ ಜಿನೀವಾದ ಆಸ್ಪತ್ರೆಯಲ್ಲಿ ಡಿಡಿಯೇ ಪಿಟ್ಟೆ ಎಂಬ ವೈದ್ಯರು ಇದೇ ಪ್ರಶ್ನೆಯನ್ನು ಬೇರೊಂದು ರೀತಿಯಲ್ಲಿ ಎತ್ತಿಕೊಂಡರು. ಅವರು ಯಾರನ್ನೂ ದೂರಲಿಲ್ಲ, ಎಣಿಸಿದರು. 1994ರ ಕೊನೆಯಲ್ಲಿ ಅವರ ವೀಕ್ಷಕರು ಕೈ ಶುಚಿಮಾಡಿಕೊಳ್ಳಬೇಕಾದ 2834 ಸಂದರ್ಭಗಳನ್ನು ನೋಡಿ ಬರೆದಿಟ್ಟರು. ನೂರರಲ್ಲಿ 48 ಬಾರಿ ಮಾತ್ರ ಕೈ ಶುಚಿಯಾಗಿತ್ತು. ಅದಕ್ಕಿಂತಲೂ ಗಮನಾರ್ಹವಾದುದು ಇನ್ನೊಂದು: ಗಂಟೆಗೆ ಎಷ್ಟು ಹೆಚ್ಚು ಬಾರಿ ಕೈ ತೊಳೆಯಬೇಕಾಗಿ ಬರುವುದೋ ಅಷ್ಟು ಕಡಿಮೆ ಪ್ರಮಾಣದಲ್ಲಿ ಆ ಕೆಲಸ ನಡೆಯುತ್ತಿತ್ತು.

ಇದೇಕೆಂಬುದಕ್ಕೆ ಪ್ರಾಥಮಿಕ ಶಾಲೆಯ ಗುಣಾಕಾರವೇ ಸಾಕು. ಕೊಳಾಯಿಯವರೆಗೆ ನಡೆದು, ಸಾಬೂನು ಹಚ್ಚಿ, ತೊಳೆದು, ಒರೆಸಿಕೊಂಡು ಹಿಂದಿರುಗಲು ಒಂದೂವರೆ ನಿಮಿಷವೆಂದಿಟ್ಟುಕೊಳ್ಳೋಣ. ತೀವ್ರನಿಗಾ ಘಟಕದ ದಾದಿಗೆ ಗಂಟೆಗೆ ಇಪ್ಪತ್ತು ಬಾರಿ ಅಂತಹ ಸಂದರ್ಭ ಬಂದರೆ ಅರ್ಧ ಗಂಟೆ ಕೊಳಾಯಿಯ ಬಳಿಯೇ ಕಳೆಯಿತು! ಉಳಿದರ್ಧದಲ್ಲಿ ರೋಗಿಯನ್ನು ನೋಡಿಕೊಳ್ಳುವುದೆಂತು? ಆಕೆಯನ್ನು ಅಲಕ್ಷ್ಯಗಾರಳೆಂದು ಗದರಿಸುವವರು ಈ ಲೆಕ್ಕವನ್ನು ಮಾಡಿ ನೋಡಿಲ್ಲವೆಂದೇ ನನ್ನ ಭಾವನೆ.

ಮದ್ಯಸಾರದ ದ್ರಾವಣವನ್ನು ಹಾಸಿಗೆಯ ಪಕ್ಕದಲ್ಲಿಯೇ ಇರಿಸಿದುದು ಪಿಟ್ಟೆಯವರ ಉಪಾಯ. ಅದನ್ನು ಕೈಗೆ ಉಜ್ಜಿಕೊಳ್ಳಲು ಇಪ್ಪತ್ತು ಮೂವತ್ತು ಸೆಕೆಂಡು ಸಾಕು. ನೀರೂ ಬೇಡ, ಒರೆಸುವ ಬಟ್ಟೆಯೂ ಬೇಡ. (ಅಪ್ಪಟ ಮದ್ಯಸಾರಕ್ಕಿಂತ ನೂರಕ್ಕೆ ಎಂಬತ್ತರ ದ್ರಾವಣವೇ ಮೇಲೆಂಬುದು ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ತೋರಬಹುದು. ರೋಗಾಣುವಿನ ಪ್ರೋಟೀನುಗಳು ಕೆಡಬೇಕಾದರೆ ಕೊಂಚ ನೀರೂ ಇರಬೇಕು.) ಕಣ್ಣಿಗೆ ಕಾಣುವ ಕೊಳೆಗೂ, ಬೀಜಕಗಳನ್ನು ಬಿಡುವ ಕೆಲವು ಬ್ಯಾಕ್ಟೀರಿಯಗಳಿಗೂ ಮಾತ್ರ ಇಂದಿಗೂ ಸಾಬೂನು ನೀರೇ ಗತಿ.

2000ದ ಇಸವಿಯಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. 1994ರಲ್ಲಿ 48 ಇದ್ದ ಪ್ರಮಾಣ 1997ಕ್ಕೆ 66ಕ್ಕೇರಿತ್ತು. ಆಸ್ಪತ್ರೆಯಲ್ಲಿ ಸೋಂಕು ತಗುಲಿದವರ ಪ್ರಮಾಣ ನೂರಕ್ಕೆ 16.9ರಿಂದ 1998ರ ವೇಳೆಗೆ 9.9ಕ್ಕೆ ಇಳಿದಿತ್ತು. ಭೌತಶಾಸ್ತ್ರ ಬೋಧಿಸುವವನಿಗೆ ಇಲ್ಲಿ ಒಂದು ಆಕ್ಷೇಪಣೆ ಸಹಜವಾಗಿಯೇ ಹೊಳೆಯುತ್ತದೆ. ಹೋಲಿಸಿ ನೋಡಲು ಈ ಯೋಜನೆಯಿಲ್ಲದ ಇನ್ನೊಂದು ಆಸ್ಪತ್ರೆ ಇರಲಿಲ್ಲ. ಇಳಿತವೆಲ್ಲವೂ ಕೈಶುದ್ಧಿಯಿಂದಲೇ ಎನ್ನಲು ಬಾರದು. ಆಕ್ಷೇಪಣೆ ನ್ಯಾಯವಾದುದೇ. ಆದರೆ ಅದೇ ಅವಧಿಯಲ್ಲಿ ದ್ರಾವಣದ ಬಳಕೆಯೂ, ಸಾವಿರ ರೋಗಿದಿನಗಳಿಗೆ 3.5 ಲೀಟರಿನಿಂದ 15.4 ಲೀಟರಿಗೆ ಏರಿದ್ದಿತು. ಮನುಷ್ಯರ ಪ್ರಾಣದ ವಿಷಯದಲ್ಲಿ ಇಷ್ಟು ಅಗ್ಗದ ಉಪಾಯವನ್ನು ಕೈಗೊಳ್ಳಲು ಇದಕ್ಕಿಂತ ಬಿಗಿಯಾದ ಪ್ರಮಾಣ ದೊರೆಯಲಿ ಎಂದು ಕಾಯುವುದು ವಿವೇಕವಲ್ಲ. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಈ ದ್ರಾವಣದ ತಯಾರಿಕೆಯ ಕ್ರಮವನ್ನು ತನ್ನ ಮಾರ್ಗಸೂಚಿಯಲ್ಲಿ ಸೇರಿಸಿತು.

ನನ್ನನ್ನು ಕಾಡುವುದು ಅದೇ ಪ್ರಬಂಧದ ಇನ್ನೊಂದು ಮಾತು. ದಾದಿಯರು ಸುಧಾರಿಸಿದರು, ವೈದ್ಯರು ಹಿಂದೆಯೇ ಉಳಿದರು. ದ್ರಾವಣದ ಸೀಸೆ ಇಬ್ಬರಿಗೂ ಅಷ್ಟೇ ಹತ್ತಿರದಲ್ಲಿದ್ದಿತಷ್ಟೆ! ಹಾಗಿರುವಲ್ಲಿ ವೇಳೆಯ ಲೆಕ್ಕ ಇಲ್ಲಿ ಪೂರ್ತಿಯಾಗಿ ನಡೆಯದು. 2004ರಲ್ಲಿ ಪಿಟ್ಟೆಯವರೂ ಸಹೋದ್ಯೋಗಿಗಳೂ 163 ವೈದ್ಯರನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ, ತಾನು ಇತರರಿಗೆ ಮಾದರಿಯೆಂದು ನಂಬಿದ್ದ ವೈದ್ಯನೂ, ತನ್ನನ್ನು ಯಾರೋ ನೋಡುತ್ತಿರುವರೆಂದು ಅರಿತಿದ್ದವನೂ ಹೆಚ್ಚಾಗಿ ಕೈ ಶುಚಿಮಾಡಿಕೊಳ್ಳುತ್ತಿದ್ದುದು ಕಂಡುಬಂದಿತು. ಈ ಪುಟವನ್ನೋದುವವರಲ್ಲಿ ಕೆಲವರು ಕೆಲವೇ ವರ್ಷಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಾಗಿ ಹಿರಿಯ ವೈದ್ಯರ ಹಿಂದೆ ವಾರ್ಡುಗಳಲ್ಲಿ ನಡೆಯುವರು. ಆಗ ಅವರು ಗುರುಗಳ ಮಾತನ್ನು ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಗುರುಗಳ ಕೈಗಳನ್ನೂ ನೋಡುತ್ತಿರಲಿ. ನೋಡುತ್ತಿರುವುದು ಗುರುಗಳಿಗೆ ತಿಳಿದರೂ ಬಾಧಕವಿಲ್ಲ.