ಉಸಿರಿನ ದಾರಿ ಕಾಯುವ ನರ

ನಡುರಾತ್ರಿಯಲ್ಲಿ ಎದ್ದು ಕುಳಿತು ಒಂದೊಂದು ಉಸಿರಿಗೂ ಹೆಣಗುವ ಉಬ್ಬಸರೋಗಿಯನ್ನು ಕಂಡವರು ಆತನ ಶ್ವಾಸಕೋಶವೇ ಸೋತಿತೆಂದು ಬಗೆಯುವುದು ಸಹಜ. ವಾಸ್ತವವಾಗಿ ಅಲ್ಲಿ ಇಕ್ಕಟ್ಟಾಗಿರುವುದು ಗಾಳಿಯಾಡುವ ನಾಳ. ಅದನ್ನು ಬಿಗಿಯುವುದರಲ್ಲಿ ನರಕ್ಕೂ ಪಾಲುಂಟು. ಮಿದುಳಿನಿಂದ ಕುತ್ತಿಗೆಯ ಮಾರ್ಗವಾಗಿ ಎದೆಗಿಳಿಯುವ ವೇಗಸ್ ನರವು ಅಸಿಟೈಲ್‌ಕೋಲೀನ್ ಎಂಬ ರಸದ ಮೂಲಕ ಶ್ವಾಸನಾಳದ ಸ್ನಾಯುಗಳನ್ನು ಸಂಕುಚಿಸುತ್ತದೆ.

ಹಿಂದಿನವರು ಉಬ್ಬಸಕ್ಕೆ ದತ್ತೂರದ ಎಲೆಯ ಹೊಗೆಯನ್ನು ಸೇದಿಸುತ್ತಿದ್ದರು. ಅದರಲ್ಲಿರುವ ಅಟ್ರೋಪೀನ್ ಆ ರಸದ ಆಜ್ಞೆಯನ್ನೇ ತಡೆಯುತ್ತದೆ. ಆದರೆ ದತ್ತೂರವು ವಿಷ. ಇಂದು ವೈದ್ಯರು ಕೊಡುವ ಇಪ್ರಟ್ರೋಪಿಯಂ ಅದೇ ಕುಲದ, ಪಳಗಿಸಿದ ಮದ್ದು.

ಈಗ ಅದೇ ನರಕ್ಕೆ ಕುತ್ತಿಗೆಯ ಮೇಲಿನಿಂದ ಮಂದವಾದ ವಿದ್ಯುತ್ತನ್ನು ಹಾಯಿಸುವ ಯತ್ನವೂ ನಡೆದಿದೆ. ಬಿಗಿಯುವ ನರವನ್ನೇ ಕೆಣಕಿದರೆ ನಾಳವು ಸಡಿಲವಾಗುವುದೆಂತು? ಮಿದುಳಿಗೆ ಸುದ್ದಿಯೊಯ್ಯುವ ಎಳೆಗಳೂ ಅದರಲ್ಲಿವೆ. ಅವು ಎಚ್ಚರಗೊಂಡರೆ ಮಿದುಳೇ ಬಿಗಿತವನ್ನು ಸಡಿಲಿಸೀತೆಂಬುದು ತಜ್ಞರ ಊಹೆ. 2020ರ ಜುಲೈನಲ್ಲಿ, ಕೋವಿಡ್ ತಗುಲಿ ಔಷಧಿಯೂ ಸಾಲದಾದ ಉಬ್ಬಸರೋಗಿಗಳಿಗಾಗಿ, ಇಂಥದೊಂದು ಉಪಕರಣಕ್ಕೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು ತುರ್ತು ಅನುಮತಿಯನ್ನಿತ್ತಿತು. ತುರ್ತಿನ ಅನುಮತಿಯು ಗುಣದ ಪ್ರಮಾಣಪತ್ರವಲ್ಲವೆಂಬುದನ್ನು ವಾಚಕರು ಮರೆಯಬಾರದು. ಹೊಸ ಉಪಾಯವನ್ನು ಕುತೂಹಲದಿಂದ ಕಾಣೋಣ. ಅದು ಪರೀಕ್ಷೆಯಲ್ಲಿ ಗೆಲ್ಲುವವರೆಗೆ, ವೈದ್ಯರು ಕೊಟ್ಟ ಇನ್‌ಹೇಲರು ದಿಂಬಿನ ಬಳಿಯಲ್ಲಿಯೇ ಇರಲಿ.